ಅರೆನೆನಪಿನ ಗ್ರಾಹಕ

ನೋಟೀಸು ಬಂದದ್ದು ಪಣಪುಳಿ ಉದುರುವ ವಾರ.
ಅಂಗೈ ತುಂಬ ಅಂಟು; ಪೋಸ್ಟಿನವನ ಪೆನ್ನು
ಸಹಿ ಮುಗಿದರೂ ಬೆರಳು ಬಿಡಲೊಲ್ಲದು.
‘ನಾಪೋಕ್ಲಿನ ಶ್ರೀಮತಿ ದೇಚಕ್ಕನವರೇ,
ತಾವು ನಮ್ಮ ಹೆಸರನ್ನು ಕದ್ದಿದ್ದೀರಿ.’

ಕದ್ದೆನೆ?
ನನ್ನ ಕಾಚಂಪುಳಿಗೆ ಮೊದಲು ಹೆಸರೇ ಇರಲಿಲ್ಲ.
ಮಿಲಿಟರಿ ಕ್ಯಾಂಟೀನಿನ ರಮ್ಮಿನ ಬಾಟಲಿ ತೊಳೆದು
ತುಂಬಿ, ಬೂಚು ಒತ್ತಿ, ಕೇಳಿದವರಿಗೆ ಕೊಡುತ್ತಿದ್ದೆ.
ಗಾಜಿನ ಮೈಮೇಲೆ ಯಾವುದೋ ಕಂಪನಿಯ ಉಬ್ಬಕ್ಷರ;
ಆದರೂ ನಮ್ಮ ಕಡೆ ಯಾರೂ
ರಮ್ಮೆಂದು ಕುಡಿದು ಕೆಮ್ಮಿದ್ದು ಕೇಳಿಲ್ಲ.

ಆಮೇಲೆ ವಿರಾಜಪೇಟೆಯ ಪ್ರೆಸ್ಸಿನ ಮೊಯ್ದು ಅಂದ:
‘ಅಕ್ಕಾ, ಲೇಬಲ್ ಇಲ್ಲದ್ದನ್ನು ಅಂಗಡಿಯವರು ಇಡುವುದಿಲ್ಲ.’
ಹೆಸರು ಬೇಕಿತ್ತು. ಎರಡೇ ಅಕ್ಷರ ಸಾಕು,
ಅಕ್ಷರ ಹೆಚ್ಚಿದರೆ ಶಾಯಿಯೂ ಹೆಚ್ಚು.
ಗೋಡೆಯಲ್ಲಿ ಮಾವನ ದುಡಿ ತೂಗುತ್ತಿತ್ತು,
ನಡು ಸಣ್ಣ, ಎರಡು ಮುಖ, ಒಂದು ಮುಖದ ಚರ್ಮ ಇಲಿ ತಿಂದದ್ದು.
‘ದುಡಿ’ ಅಂದೆ. ನಾಲ್ಕು ಸಾವಿರ ಅಚ್ಚಾಯಿತು.

ಅವರು ದಾವಣಗೆರೆಯವರು. ಕಾಡು ಕೊಚ್ಚುವ ಮಿಷನ್ ಮಾಡುತ್ತಾರೆ,
ಹೆಗಲಿಗೆ ನೇತುಹಾಕಿಕೊಂಡರೆ ಗುಂಯ್ ಅನ್ನುವಂಥದ್ದು.
ಜೊತೆಗೆ ಅದರ ಕರಿ ಎಣ್ಣೆ, ಬಾಟಲಿಯಲ್ಲಿ.
ಎರಡರ ಹೆಸರೂ ದುಡಿ.
ಅವರದು ಕನ್ನಡದ ದುಡಿ: ಏಳು, ಬೆವರು, ಸಂಜೆತನಕ ಬಗ್ಗು.
ನನ್ನದು ಕೊಡವರ ದುಡಿ: ಎಡಗೈಲಿ ಹಿಡಿ, ಬಡಿ, ಹಾಡು.
ಒಂದು ಮೈ ಮುರಿಸುವುದು, ಇನ್ನೊಂದು ಮೈ ಮರೆಸುವುದು.
ಬರೆದರೆ ಒಂದೇ.

ಮಡಿಕೇರಿಯಲ್ಲಿ ಲಾಯರ್ ಪೂವಯ್ಯ ಕನ್ನಡಕ ಒರೆಸಿದರು.
‘ಹೆದರಬೇಡ. ಸರಕಾರ ಲೋಕದ ವ್ಯಾಪಾರವನ್ನೆಲ್ಲ
ನಲವತ್ತೈದು ಪೆಟ್ಟಿಗೆಯಲ್ಲಿ ತುಂಬಿಟ್ಟಿದೆ.
ಹುಳಿ ಮೂವತ್ತರಲ್ಲಿ, ಮಿಷನ್ ಏಳರಲ್ಲಿ, ಎಣ್ಣೆ ನಾಲ್ಕರಲ್ಲಿ.
ಪೆಟ್ಟಿಗೆ ಬೇರೆಯಾದರೆ ಒಂದೇ ಹೆಸರಿನವರು ಬದುಕಬಹುದು.
ನಿಮ್ಮೂರಲ್ಲೇ ನಾಲ್ಕು ಪೊನ್ನಪ್ಪಂದಿರಿಲ್ಲವೆ?’
ಆದರೆ ಚೆನ್ನೈಯ ಕಚೇರಿ ಒಂದು ಮಾತು ಕೇಳುತ್ತದಂತೆ:
ಸಾಧಾರಣ ಬುದ್ಧಿಯ, ಅರೆನೆನಪಿನ ಗ್ರಾಹಕನೊಬ್ಬ
ಅವಸರದಲ್ಲಿ ಇದನ್ನು ಅದೆಂದು ತಿಳಿದಾನೆಯೆ?
‘ಅಂಥವರು ಯಾರೂ ಇಲ್ಲವೆಂದು ಪ್ರಮಾಣಪತ್ರ ಕೊಡು.’

ನಾನು ಸುಮ್ಮನಾದೆ.

ಅಂಥವನು ನಮ್ಮ ಮನೆಯಲ್ಲೇ ಇದ್ದಾನೆ.
ಮೈದುನ ಕುಟ್ಟಪ್ಪ; ಸ್ಪ್ಯಾನರ್ ಹಿಡಿದರೆ ಇಂಜಿನಿಯರ್.
ಹೋದ ವರ್ಷ ತೋಟದ ಕಾಡು ಕೊಚ್ಚುವಾಗ
ಅಡುಗೆಮನೆ ಕಿಟಕಿಯಿಂದ ‘ದುಡಿ’ ಎಂದಿದ್ದ ಬಾಟಲಿ ಎತ್ತಿ
ಪೆಟ್ರೋಲಿಗೆ ಬೆರೆಸಿ ಟ್ಯಾಂಕಿಗೆ ಸುರಿದ.
ಕಪ್ಪು, ಮಂದ, ಜಿಗುಟು; ಅವನ ತಪ್ಪೇನು?
ಹತ್ತು ಬುಟ್ಟಿ ಹಣ್ಣಿನ ರಸ, ಹನಿಹನಿ ಸೋರಿದ್ದು,
ಮೂರು ದಿನ ಒಲೆ ಬಿಟ್ಟೇಳದೆ ನಾನು ಬತ್ತಿಸಿದ್ದು.
ಮಿಷನ್ ಎರಡು ನಿಮಿಷ ಓಡಿತು.
ಬರೆಯ ಮೇಲೆಲ್ಲ ಹಂದಿಕರಿಯ ಘಮ;
ಕೆಳಗಿನ ಮನೆಯ ನಾಯಿಗಳು ಬೇಲಿ ನುಸುಳಿ ಬಂದು
ಎಲೆ ಹಾಕುತ್ತಾರೆಂದು ಸಾಲಾಗಿ ಕೂತವು.
ಆಮೇಲೆ ಕೆಮ್ಮಿತು. ನಿಂತಿತು.

ಪ್ರಮಾಣಪತ್ರದಲ್ಲಿ ಬರೆಸಿದೆ: ‘ನನ್ನ ಗ್ರಾಹಕರು
ಈವರೆಗೆ ಯಾರೂ ಮೋಸಹೋಗಿಲ್ಲ.’
ಸುಳ್ಳಲ್ಲ. ಕುಟ್ಟಪ್ಪ ಈವರೆಗೆ
ಒಂದು ಬಾಟಲಿಗೂ ದುಡ್ಡು ಕೊಟ್ಟವನಲ್ಲ.

ತೀರ್ಮಾನ ಇನ್ನೂ ಬಂದಿಲ್ಲ.
‘ರಗಳೆ ಯಾಕೆ, ದಕಾರಕ್ಕೆ ಒಂದು ದೀರ್ಘ ಕೊಟ್ಟುಬಿಡು,
ದೂಡಿ ಅಂತಾಗಲಿ’ ಎನ್ನುತ್ತಾರೆ ಪೂವಯ್ಯ.
ದೂಡಿ ಎಂದರೆ ನೂಕಿ. ಯಾರನ್ನು? ಎಲ್ಲಿಗೆ?
ಉಳಿದ ಲೇಬಲ್ಲಿನ ಬೆನ್ನಿಗೆ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ.

ಸೌದೆಕೊಟ್ಟಿಗೆಯಲ್ಲಿ ಆ ಮಿಷನ್ ಒರಗಿದೆ,
ಅವರ ಹೆಸರು ಮೈಮೇಲೆ, ನನ್ನ ಹುಳಿ ಹೊಟ್ಟೆಯೊಳಗೆ.
ಒಮ್ಮೊಮ್ಮೆ ಮುಚ್ಚಳ ತಿರುಗಿಸಿ ಮೂಸುತ್ತೇನೆ.
ಹೋದ ವರ್ಷದ್ದು.
ಒಳ್ಳೇ ಪಾಕ ಬಂದಿತ್ತು.